ಕಿಟಕಿ ನೋಡಿ ಬರೆದ ಮುಖಗಳು

ಮೊನ್ನೆ ರೇಷನ್ ಕಾರ್ಡ್ ಹುಡುಕಲು ಟ್ರಂಕು ತೆಗೆದೆ. ರೇಷನ್ ಕಾರ್ಡ್ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದು ಒಂದು ನೋಟ್‌ಬುಕ್. ನನ್ನ ಹೆಂಡತಿ ರತ್ನಮ್ಮನ ಸೀರೆಗಳ ಅಡಿಯಲ್ಲಿ, ಸೊಪ್ಪಿನ ಕುಕ್ಕೆ ಹೊರುವಾಗ ಅವಳು ತಲೆಯ ಮೇಲೆ ಸುತ್ತಿಟ್ಟುಕೊಳ್ಳುತ್ತಿದ್ದ ಸಿಂಬೆ ಬಟ್ಟೆಯ ಜೊತೆ ಅದೂ ಇತ್ತು. ರಟ್ಟಿನ ಮೇಲೆ ನನ್ನದೇ ದಪ್ಪ ಅಕ್ಷರ: ‘ಬಂಗಾರಪೇಟೆಯಿಂದ ಊರಿಗಾಂವರೆಗೆ, ಒಂದು ಪ್ರವಾಸ ಕಥನ’. ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಬೇರೆ ಎಳೆದಿದ್ದೆ.

ನಗಬೇಡಿ. ಬಂಗಾರಪೇಟೆಯಿಂದ ಊರಿಗಾಂಗೆ ಪ್ಯಾಸೆಂಜರ್ ರೈಲಿನಲ್ಲಿ ಅರ್ಧ ಗಂಟೆ ಹಿಡಿದರೆ ಹೆಚ್ಚು. ಕಡಲೆಕಾಯಿ ಪೊಟ್ಟಣ ಮುಗಿಯುವುದಕ್ಕೆ ಮೊದಲೇ ಇಳಿಯುವ ಜಾಗ ಬಂದುಬಿಡುತ್ತದೆ. ಇಷ್ಟು ಸಣ್ಣ ಪ್ರಯಾಣಕ್ಕೆ ಯಾರೂ ಕಥನ ಬರೆದಿಲ್ಲ ಎಂಬುದು ಗೊತ್ತಿದ್ದೇ ನಾನು ಬರೆಯಲು ಕೂತೆ. ಬೇರೆ ಎಲ್ಲಿಗೂ ಹೋಗಿರದಿದ್ದುದರಿಂದ ನನಗೆ ಆಯ್ಕೆಯೂ ಇರಲಿಲ್ಲ.

ನಾನು ನಮ್ಮ ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವವನು. ಬೆಳಿಗ್ಗೆ ಮತ್ತು ಸಂಜೆ ಜನ ತರುವ ಹಾಲನ್ನು ಪರೀಕ್ಷೆ ಮಾಡಿ ಕ್ಯಾನಿಗೆ ಸುರಿಯುವುದು ನನ್ನ ಕೆಲಸ. ಎರಡು ಹೊತ್ತೂ ಅಲ್ಲಿ ಇರಲೇಬೇಕಾದ್ದರಿಂದ ಒಂದು ರಾತ್ರಿಯೂ ಬೇರೆ ಊರಲ್ಲಿ ತಂಗಿದವನಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸಾದದ್ದು. ಆದರೆ ನಡುವಿನ ಹೊತ್ತಿನಲ್ಲಿ ಪಂಚಾಯಿತಿ ಲೈಬ್ರರಿಯಿಂದ ಪ್ರವಾಸದ ಪುಸ್ತಕಗಳನ್ನು ತಂದು ಓದುವ ಚಟ ಹತ್ತಿತು. ಹಾಲು ಅಳೆಯುವ ಕೋಣೆಯ ಬೆಂಚಿನ ಮೇಲೆ ಕೂತು ನಾನು ಮರುಭೂಮಿ ದಾಟಿದ್ದೇನೆ, ಹಿಮದ ಬೆಟ್ಟ ಹತ್ತಿದ್ದೇನೆ, ಹಡಗಿನಲ್ಲಿ ವಾಂತಿಯನ್ನೂ ಮಾಡಿಕೊಂಡಿದ್ದೇನೆ.

ಇಷ್ಟೆಲ್ಲ ಓದಿ ನಾನೊಂದು ವಿಷಯ ಕಂಡುಹಿಡಿದೆ. ಈ ಬರಹಗಾರರು ಯಾವ ಸೀಮೆಗೆ ಹೋದರೂ ಅಲ್ಲಿನ ಜನ ಆ ಸೀಮೆಯ ಹಾಗೇ ಇರುತ್ತಾರೆ. ಮರುಭೂಮಿಯಲ್ಲಿ ಸಿಕ್ಕಿದ ಮುದುಕನ ಕೆನ್ನೆಯ ಮೇಲೆ ಮರಳಿನ ಅಲೆಗಳಿರುತ್ತವೆ. ಸಮುದ್ರದ ಪಕ್ಕದ ಹೆಂಗಸಿನ ಕಣ್ಣು ಆಳವಾಗಿರುತ್ತದೆ, ಅವಳ ಮನಸ್ಸಿಗೆ ನೆಲೆ ಇರುವುದಿಲ್ಲ. ಬೆಟ್ಟದ ಜನ ಮಾತು ಕಡಿಮೆ, ಅಲುಗಾಡುವುದಿಲ್ಲ. ಕಾಡಿನವರು ಒಳಗೆ ಏನಿದೆಯೋ ತೋರಿಸುವುದಿಲ್ಲ. ಸಮುದ್ರದ ಪಕ್ಕ ಹುಟ್ಟಿಯೂ ಸುಮ್ಮನೆ ಬೀಡಿ ಸೇದಿಕೊಂಡು ಕೂತಿರುವ ಒಬ್ಬ ಸೋಮಾರಿಯೂ ಈ ಪುಸ್ತಕಗಳಲ್ಲಿ ನನಗೆ ಸಿಗಲಿಲ್ಲ.

ಇದನ್ನು ದೊಡ್ಡ ಸಂಶೋಧನೆ ಎನ್ನುವಂತೆ ರತ್ನಮ್ಮನಿಗೆ ಹೇಳಿದೆ. ಅವಳು ಮೆಂತ್ಯದ ಸೊಪ್ಪಿಗೆ ಬಾಳೆನಾರು ಸುತ್ತುತ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು: “ಅವ್ರು ಮನುಷ್ರುನ್ನ ನೋಡಿಲ್ಲ ಕಣಯ್ಯ. ಕಿಟ್ಕಿ ನೋಡವ್ರೆ. ಆಮೇಲೆ ಮುಖ ನೆಪ್ಪಾಗ್ಲಿಲ್ಲ ಅಂತ ಅದ್ನೇ ಬರ್ದವ್ರೆ.”

ಅವಳಿಗೆ ಓದು ಕಡಿಮೆ, ನಾಲ್ಕನೇ ಕ್ಲಾಸು. ಅವಳ ಮಾತನ್ನು ಆಗ ನಾನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಈಗ ಹಾಕಿಕೊಳ್ಳಬೇಕಾಗಿ ಬಂದಿದೆ. ರತ್ನಮ್ಮ ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಮಧ್ಯಾಹ್ನ ಎದೆ ಹಿಡಿದುಕೊಂಡಂತಾಗುತ್ತಿದೆ ಅಂದಳು, ಆಟೋದಲ್ಲಿ ನನ್ನ ಹೆಗಲಿಗೆ ಒರಗಿದಳು, ಅಷ್ಟೇ. ಅವಳು ಹೋದ ಮೂರು ತಿಂಗಳಿಗೆ ಮಗಳು ಸವಿತಾಗೆ ಹೆಣ್ಣು ಮಗು ಆಯಿತು. ಬಾಣಂತನಕ್ಕೆ ಬಂದವಳು ಆಷಾಢ ಕಳೆದು ಹೋಗುತ್ತೇನೆ ಎಂದು ಇನ್ನೂ ಇಲ್ಲೇ ಇದ್ದಾಳೆ. ಮನೆಯಲ್ಲಿ ತೊಟ್ಟಿಲು ಇದೆ, ಎರಡು ಸೀಮೆಹಸು ಇವೆ, ನಾನಿದ್ದೇನೆ. ದುಃಖ ಇಲ್ಲವೆಂದಲ್ಲ. ಆದರೆ ಅದಕ್ಕೆ ಕೂರಲು ಜಾಗ ಕಡಿಮೆ.

ಒಂದು ದಿನ ಸವಿತಾ ಮಗುವಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು: “ಅಪ್ಪ, ಅವ್ವ ಎಂಗಿದ್ಲು ಅಂತ ಒಂದೆರಡು ಪುಟ ಬರ್ದಿಡು. ನೀನೇ ಬರಿಯೋನಲ್ವ ನಮ್ಮನೇಲಿ. ಇವ್ಳು ದೊಡ್ಡೋಳಾದ್ಮೇಲೆ ಕೇಳ್ತಾಳೆ. ನಾನೇನಂತ ಏಳ್ಲಿ?”

ಫೋಟೋ ಇಲ್ಲವೇ ಎಂದು ನೀವು ಕೇಳಬಹುದು. ಎರಡು ಇವೆ. ಒಂದು ಮದುವೆಯದ್ದು. ಅದರಲ್ಲಿ ಅವಳು ತಲೆ ಬಗ್ಗಿಸಿರುವುದರಿಂದ ಬೈತಲೆ ಮಾತ್ರ ಚೆನ್ನಾಗಿ ಬಂದಿದೆ. ಇನ್ನೊಂದು ಆಧಾರ್ ಕಾರ್ಡಿನದು. ಅದು ಯಾರದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಬರೆಯಲು ಕೂತೆ. ಕೂತ ಮೇಲೆ ಗಾಬರಿಯಾಯಿತು. ಮೂವತ್ತು ವರ್ಷ ಎದುರಿಗಿದ್ದ ಮುಖ, ಕಣ್ಣು ಮುಚ್ಚಿದರೆ ಬರುತ್ತಿರಲಿಲ್ಲ. ಕುಕ್ಕೆ ಬರುತ್ತಿತ್ತು, ಕೊತ್ತಂಬರಿ ಹಸಿರು ಹತ್ತಿದ ಹೆಬ್ಬೆಟ್ಟು ಬರುತ್ತಿತ್ತು, ನಡುವೆ ಮುಖದ ಜಾಗ ಮಾತ್ರ ನೀರಲ್ಲಿ ಕಲಸಿದಂತೆ. ಈಗ ಬರೆದಿಡದಿದ್ದರೆ ಪೂರಾ ಹೋಗುತ್ತದೆ ಎಂದು ಹೆದರಿ ಆತುರಾತುರವಾಗಿ ಬರೆದೆ: ‘ಅವಳು ನಮ್ಮ ಬಂಗಾರಪೇಟೆ ಸೀಮೆಯ ಕೆಂಪು ನೆಲದಂಥವಳು. ಬೇಸಿಗೆಯಲ್ಲಿ ಗಟ್ಟಿ, ಒಂದು ಮಳೆಗೆ ಮೆತ್ತಗೆ.’

ಓದಿ ನೋಡಿದೆ. ಕಿಟಕಿ ನೋಡಿ ಬರೆದದ್ದು. ಹರಿದು ಹಾಕಿದೆ.

ಆಮೇಲೆ ಈ ಹಳೆಯ ನೋಟ್‌ಬುಕ್ ಸಿಕ್ಕಿತು. ಎಂಟು ಪುಟ ಬರೆದು ನಿಲ್ಲಿಸಿದ್ದೆ. ಅದರಲ್ಲಾದರೂ ಅವಳು ಇರಬಹುದು ಎಂದು ತೆಗೆದು ಓದಿದೆ. ಇರಲಿಲ್ಲ. ಒಂದೇ ಒಂದು ಕಡೆ ‘ನನ್ನ ಜೊತೆ ನನ್ನ ಶ್ರೀಮತಿಯೂ ಇದ್ದರು’ ಎಂದು ಬರೆದಿದ್ದೆ. ಇದ್ದರು ಅಂತೆ.

ಆ ಪ್ರವಾಸ ಮಾಡಿದ್ದು ಆರು ವರ್ಷದ ಹಿಂದೆ, ಇಂಥದೇ ಆಷಾಢದಲ್ಲಿ. ರತ್ನಮ್ಮ ವಾರದಲ್ಲಿ ಐದು ದಿನ ನಮ್ಮ ತೋಟದ ಸೊಪ್ಪು ತೆಗೆದುಕೊಂಡು ಊರಿಗಾಂ ಲೈನ್ ಮನೆಗಳ ಕಡೆ ಮಾರಲು ಹೋಗುತ್ತಿದ್ದಳು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಲಸಗಾರರಿಗೆಂದು ಸಾಲುಸಾಲಾಗಿ ಕಟ್ಟಿದ ಸಣ್ಣ ಮನೆಗಳು ಅವು. ಬಾಗಿಲಿಗೆ ಬಾಗಿಲು ಅಂಟಿಕೊಂಡಂತೆ ಇವೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಜನ ಅಲ್ಲೇ ಇದ್ದಾರೆ. ಹೆಚ್ಚಿನವರು ಬೆಳಗಾಗುವ ಮೊದಲು ಬೆಂಗಳೂರಿಗೆ ರೈಲು ಹತ್ತುತ್ತಾರೆ. ಅವರು ಆ ಕಡೆ ಹೋದ ಮೇಲೆ ಇವಳು ಈ ಕಡೆಯಿಂದ ಬಂದು ಇಳಿಯುತ್ತಿದ್ದಳು.

ಅವತ್ತು ಬೆಳಗಿನ ಹಾಲು ಮುಗಿಸಿ, ನೋಟ್‌ಬುಕ್ಕು ಪೆನ್ನು ಹಿಡಿದು ಅವಳ ಜೊತೆ ಹೊರಟೆ. ಶರ್ಟು ಇಸ್ತ್ರಿ ಮಾಡಿಸಿದ್ದೆ. ರೈಲಿನಲ್ಲಿ ಸೊಪ್ಪಿನ ಹೆಂಗಸರೆಲ್ಲ ಬಾಗಿಲ ಹತ್ತಿರ ಕೂರುವುದು ರೂಢಿ. ಅವರ ನಡುವೆ ಇಸ್ತ್ರಿ ಶರ್ಟಿನ ನಾನು ಕಿಟಕಿ ಪಕ್ಕ ಕೂತು ಗಂಭೀರವಾಗಿ ಹೊರಗೆ ನೋಡುತ್ತಿದ್ದೆ. ಪ್ರವಾಸಿಗರು ಹಾಗೆ ನೋಡುತ್ತಾರೆ ಎಂದು ಓದಿದ್ದೆ.

ಕೋರಮಂಡಲ್ ಸ್ಟೇಷನ್ ಹತ್ತಿರ ಬಂದರೆ ಸೈನೈಡ್ ಗುಡ್ಡಗಳು ಶುರು. ಹೊರಗಿನವರಿಗೆ ಅದೊಂದು ವಿಚಿತ್ರ ನೋಟ. ನೆಲದಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಹಾಕಿ ಚಿನ್ನವನ್ನು ಹಿಂಡಿಕೊಂಡು, ಉಳಿದ ಪುಡಿಯನ್ನು ಸುರಿದು ಸುರಿದು ಆದ ಗುಡ್ಡಗಳು. ಗಿಡ ಅಪರೂಪ. ಮಳೆ ನೀರು ಹರಿದು ಮೈತುಂಬ ಗೀರು ಬಿದ್ದಿವೆ. ಆಷಾಢದ ಗಾಳಿ ಎದ್ದರೆ ಅವುಗಳ ಮೇಲಿಂದ ಬೂದು ಬಣ್ಣದ ಪುಡಿ ಎದ್ದು ಲೈನ್ ಮನೆಗಳ ಮೇಲೆ ಹರಡುತ್ತದೆ. ಅಲ್ಲಿನ ಹೆಂಗಸರು ಆಗ ಬಿಂದಿಗೆಗೆ ತಟ್ಟೆ ಮುಚ್ಚಿ, ಒಣಹಾಕಿದ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ.

ನಾನು ಬರೆದುಕೊಂಡೆ: ‘ಇಲ್ಲಿನ ಜನರ ಮುಖದ ಮೇಲೂ ಇಂಥ ಗೀರುಗಳಿರಬೇಕು.’ ಇನ್ನೂ ಒಬ್ಬನನ್ನೂ ನೋಡಿರಲಿಲ್ಲ, ಗಮನಿಸಿ.

ಊರಿಗಾಂನಲ್ಲಿ ರತ್ನಮ್ಮ ದಿನವೂ ಕೂರುತ್ತಿದ್ದದ್ದು ಸೆಲ್ವಂ ಎನ್ನುವ ಟೈಲರ್‌ನ ಮನೆ ಮೆಟ್ಟಿಲ ಪಕ್ಕ. ಅವಳ ಕುಳಿತುಕೊಳ್ಳುವ ಮಣೆಯೂ ಬಿಸಿಲಿಗೆ ಹಿಡಿಯುವ ಛತ್ರಿಯೂ ಅವನ ಮನೆಯಲ್ಲೇ ಇರುತ್ತಿದ್ದವು. ನಾವು ಹೋದಾಗ ಜಗಲಿಯ ಮೇಲೆ, ಹೊಲಿಗೆ ಮಿಷನ್ನಿನ ಹಿಂದೆ ಒಬ್ಬ ಮುದುಕ ಕೂತಿದ್ದ. ತಲೆ, ಹುಬ್ಬು, ಮೀಸೆ ಎಲ್ಲ ನರೆತು ಬೂದಿಯಾಗಿತ್ತು. ಹುಡುಕಿಕೊಂಡು ಬಂದವನೇ ಎದುರಿಗೆ ಕೂತಿದ್ದಾನೆ. ನಿಂತಲ್ಲೇ ಬರೆದೆ: ‘ಗುಡ್ಡವೇ ಮನುಷ್ಯನಾಗಿ ಹೊಲಿಗೆ ಹಾಕುತ್ತಿತ್ತು. ಗಣಿಯ ನೂರು ವರ್ಷದ ಆಯಾಸ ಅವನ ತಲೆಯ ಮೇಲೆ ಬೆಳ್ಳಗೆ ಕೂತಿತ್ತು.’

ಬರೆದು, ಬಹಳ ಗೌರವದಿಂದ ಹತ್ತಿರ ಹೋಗಿ, “ತಾತ, ಸೆಲ್ವಂ ಇಲ್ವ?” ಎಂದು ಕೇಳಿದೆ.

ಅವನು ಮಿಷನ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎದ್ದು ಪಕ್ಕದ ನಲ್ಲಿಗೆ ಹೋಗಿ ತಲೆ ಮೇಲೆ ಎರಡು ಚೊಂಬು ನೀರು ಸುರಿದುಕೊಂಡ. ಬೂದು ನೀರು ಚರಂಡಿಗೆ ಹರಿಯಿತು. ಟವೆಲಿನಿಂದ ಒರೆಸಿಕೊಂಡು ತಿರುಗಿದಾಗ ಕಾಗೆಯಂಥ ಕಪ್ಪು ಕೂದಲು, ಕಪ್ಪು ಮೀಸೆ.

“ನಾನೇ ಸೆಲ್ವಂ. ನಿಮ್ಗೆ ವಯಸ್ಸು ಎಷ್ಟು ಸಾರ್?”

ಐವತ್ತು ಎಂದೆ.

“ನನ್ಗೆ ನಲವತ್ನಾಕು. ಒಳಗ್ ಬನ್ನಿ ತಾತಾ, ಟೀ ಕುಡೀರಿ.”

ಅವತ್ತಿನಿಂದ ಊರಿಗಾಂ ಲೈನಿನಲ್ಲಿ ನನ್ನ ಹೆಸರು ತಾತ. ಸೆಲ್ವಂನ ಹೆಂಡತಿ ಸ್ಟೆಲ್ಲಾಗೂ ನಾನು ತಾತ. ನನ್ನ ಕೂದಲಿನಲ್ಲಿ ಇವತ್ತಿಗೂ ಬಿಳಿ ಕಡಿಮೆ. ಬೇರೆ ಯಾವುದರ ಬಗ್ಗೆಯೂ ನನಗೆ ಜಂಬ ಇಲ್ಲವಾದ್ದರಿಂದ ಇದೊಂದನ್ನು ಹೇಳಿಕೊಳ್ಳುತ್ತಿದ್ದೇನೆ.

ಅವತ್ತು ಅಲ್ಲಿ ಇದ್ದಷ್ಟು ಹೊತ್ತೂ ರತ್ನಮ್ಮ ಒಂದು ಮಾತೂ ಆಡಲಿಲ್ಲ. ಸೊಪ್ಪಿಗೆ ನೀರು ಚಿಮುಕಿಸುತ್ತಾ, ಬಂದವರಿಗೆ ಕಟ್ಟು ಎತ್ತಿಕೊಡುತ್ತಾ ಸುಮ್ಮನೆ ಕೂತಿದ್ದಳು. ನನ್ನ ದಡ್ಡತನಕ್ಕೆ ಸಿಟ್ಟಾಗಿದ್ದಾಳೆ ಎಂದುಕೊಂಡೆ. ವಾಪಸು ರೈಲು ಹೊರಟು ಊರಿಗಾಂ ಹಿಂದಕ್ಕೆ ಸರಿದದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದಳು. ಕೋರಮಂಡಲ್ ಬಂದರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು. ಎದುರಿನ ಹೆಂಗಸು ಗಾಬರಿಯಾಗಿ ನನ್ನನ್ನು ನೋಡಿದಳು, ನಾನೇನೋ ಹೊಡೆದಿದ್ದೇನೆ ಎನ್ನುವಂತೆ.

ನಕ್ಕು ಮುಗಿದ ಮೇಲೆ ಕಿಟಕಿಯಾಚೆ ಕೈ ತೋರಿಸಿದಳು. “ಅದ್ಯಾರು ಏಳು ನೋಡಣ?”

ಹೊರಗೆ ಮನುಷ್ಯರು ಯಾರೂ ಇರಲಿಲ್ಲ. ಕೋರಮಂಡಲ್ ಬಿಟ್ಟ ಮೇಲಿನ ದೊಡ್ಡ ಗುಡ್ಡ ಒಂದೇ ಇತ್ತು.

“ನಿಮ್ಮ ಚಿಕ್ಕತ್ತೆ ಕಣಯ್ಯ. ಮುದ್ದೆ ಉಂಡು ಕಾಲು ನೀಡ್ಕೊಂಡು ಗೋಡೆಗೆ ಒರಗವ್ಳೆ. ನೋಡು, ಸೆರಗು ಜಾರೈತೆ, ಅವ್ಳಿಗೆ ಏಳಕ್ಕೆ ಯಾರಿಗೂ ದೈರ್ಯ ಇಲ್ಲ.”

ನೋಡಿದೆ. ನೀವು ನಂಬಲಿಕ್ಕಿಲ್ಲ, ಅದು ನಮ್ಮ ಚಿಕ್ಕತ್ತೆಯೇ. ಅದೇ ಅಗಲ, ಅದೇ ಆಲಸ್ಯ, ಮಗ್ಗುಲಲ್ಲಿ ಎಲೆಅಡಿಕೆ ಚೀಲದ ಹಾಗೆ ಒಂದು ಸಣ್ಣ ದಿಬ್ಬ.

ರತ್ನಮ್ಮನಿಗೆ ಇದು ಅಭ್ಯಾಸವಾಗಿತ್ತು. ದಿನಾ ಅದೇ ದಾರಿ. ಅವಳಿಗೆ ಆ ದಾರಿಯಲ್ಲಿ ಇದ್ದದ್ದೆಲ್ಲ ಜನ. ನಿಂತುಹೋದ ಗಣಿಯ ಬಾವಿಯ ಮೇಲೆ ತುಕ್ಕು ಹಿಡಿದು ನಿಂತಿರುವ ಕಬ್ಬಿಣದ ಗೋಪುರ, ಚಕ್ರ ತಿರುಗಿಸಲು ಏನೂ ಇಲ್ಲದಿದ್ದರೂ ತಲೆ ಎತ್ತಿಕೊಂಡಿರುವುದು, ರಿಟೈರಾದ ನಮ್ಮ ಹೆಡ್‌ಮಾಸ್ಟ್ರು. ನೀಲಗಿರಿ ಮರದ ಸಾಲು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ, ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತವರು. ಬತ್ತಿದ ಕೆರೆ ಬಾಯಿ ಬಿಟ್ಟುಕೊಂಡು ಮಲಗಿರುವ ನನ್ನ ಅಣ್ಣ. ನಾನು ಜನರಲ್ಲಿ ನೆಲ ಹುಡುಕುತ್ತಾ ಪುಸ್ತಕ ಓದುತ್ತಿದ್ದರೆ ಅವಳು ನೆಲದಲ್ಲಿ ಜನ ಹುಡುಕುತ್ತಾ ಸೊಪ್ಪು ಮಾರುತ್ತಿದ್ದಳು.

ನಮ್ಮ ಬಗ್ಗೆ ಯಾರಾದರೂ ಬರೆದರೆ ಏನು ಬರೆಯುತ್ತಾರೆ ಎಂದು ಒಮ್ಮೆ ಕೇಳಿದ್ದೆ. ಬಂಗಾರಪೇಟೆ ಸುತ್ತ ಬೋಳು ಬಂಡೆಗಳ ಬೆಟ್ಟಗಳಿರುವುದರಿಂದ ನಾವೂ ಬಂಡೆಯಂಥವರು ಎನ್ನುತ್ತಾರೆ ಎಂದು ನನ್ನ ಊಹೆ. ಅವಳು ಅದಕ್ಕೆ, ಬರೆಯೋನು ಸ್ಟೇಷನ್ ಆಚೆ ಪಾನಿಪುರಿ ತಿಂದು ಬಂದಿದ್ದರೆ ಬೇರೆ ಬರೀತಾನೆ ಅಂದಳು. ನಮ್ಮ ಬಂಗಾರಪೇಟೆ ಪಾನಿಪುರಿಯ ಪಾನಿ ನಿಮಗೆ ಗೊತ್ತಿರಬಹುದು. ಬೇರೆ ಊರಿನ ಹಾಗೆ ಹಸಿರಲ್ಲ, ನೋಡಲು ಬರೀ ನೀರು. ಏನೂ ಇಲ್ಲ ಎಂದು ಬಾಯಿಗೆ ಹಾಕಿಕೊಂಡವರ ಕಣ್ಣು ಮೂಗಲ್ಲೆಲ್ಲ ನೀರು ಬರುತ್ತದೆ. ಈಗ ಯೋಚಿಸಿದರೆ ಅವಳು ತನ್ನ ಬಗ್ಗೆಯೇ ಹೇಳಿಕೊಂಡಿದ್ದಳೋ ಏನೋ.

ಏಕೆಂದರೆ ಮನೆಯಲ್ಲಿ ಅವಳ ಮಾತು ನಿಲ್ಲುತ್ತಲೇ ಇರಲಿಲ್ಲ. ಮಧ್ಯಾಹ್ನ ಬಂದು ಕಾಲು ತೊಳೆದುಕೊಂಡು, ಒಂದು ಲೋಟ ನೀರು ಕುಡಿದು ಶುರು ಮಾಡಿದರೆ ಸಂಜೆ ಹಾಲಿನ ಹೊತ್ತಿನವರೆಗೂ. ಇವತ್ತು ಸ್ಟೆಲ್ಲಾ ಏನಂದಳು, ಅದಕ್ಕೆ ತಾನೇನು ಉತ್ತರ ಕೊಟ್ಟೆ. ಸೆಲ್ವಂ ಏನು ಕಾಲೆಳೆದ, ತಾನು ಹೇಗೆ ತಿರುಗಿಸಿ ಬಾಯಿ ಮುಚ್ಚಿಸಿದೆ. ಅವಳ ಕಥೆಗಳಲ್ಲಿ ಯಾವತ್ತೂ ಕೊನೆಯ ಮಾತು ಅವಳದ್ದೇ. ಸಬ್ಬಸಿಗೆ ಸೊಪ್ಪಿನ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ಸೊಪ್ಪು ಬಾಡಿದೆ ಎಂದು ಸ್ಟೆಲ್ಲಾ ಮೂಗು ಮುರಿದಳಂತೆ. ಇವಳು, “ನೀನೂ ನನ್ನಂಗೆ ಬೆಳಿಗ್ಗೆಯಿಂದ ಬಿಸ್ಲಲ್ಲಿ ಕೂತ್ಕೊಳಮ್ಮ, ಮದ್ಯಾನಕ್ಕೆ ಯಾರು ಬಾಡವ್ರೆ ನೋಡಣ” ಅಂದಳಂತೆ. ಲೈನಿನವರೆಲ್ಲ ಬಿದ್ದು ಬಿದ್ದು ನಕ್ಕರಂತೆ.

ಮೊನ್ನೆ ನೋಟ್‌ಬುಕ್ ಸಿಕ್ಕಿದ ಮಾರನೆಯ ದಿನ ಊರಿಗಾಂಗೆ ಹೊರಟೆ. ರತ್ನಮ್ಮನ ಮಣೆ, ಛತ್ರಿ ತಮ್ಮ ಮನೆಯಲ್ಲೇ ಇವೆ, ಬಂದು ತೆಗೆದುಕೊಂಡು ಹೋಗಿ ಎಂದು ಸೆಲ್ವಂ ರೈಲಿನ ಸೊಪ್ಪಿನ ಹೆಂಗಸರ ಕೈಲಿ ಎರಡು ಮೂರು ಸಲ ಹೇಳಿ ಕಳಿಸಿದ್ದ. ನಾನು ಹೋಗಿರಲಿಲ್ಲ. ಈಗ ಬೇರೆ ಆಸೆ ಇತ್ತು. ನನಗೆ ನೆನಪಾಗದ ಮುಖ ಅವರಿಗೆ ನೆನಪಿರಬಹುದು. ನನಗಿಂತ ಹೆಚ್ಚು ಹೊತ್ತು ಹಗಲಿನಲ್ಲಿ ಅವಳನ್ನು ನೋಡಿದವರು ಅವರೇ. ಅವರು ಹೇಳಿದ್ದನ್ನು ಬರೆದು ಮಗಳ ಕೈಗೆ ಕೊಟ್ಟರೆ ಆಯಿತು.

ರೈಲಿನಲ್ಲಿ ಬಾಗಿಲ ಹತ್ತಿರದ ಹೆಂಗಸರು ನನ್ನನ್ನು ನೋಡಿ, ಸರಿದು ಜಾಗ ಕೊಟ್ಟರು. ಅವರ ಜೊತೆ ಕೆಳಗೇ ಕೂತೆ. ಕಿಟಕಿ ಕಡೆ ಹೋಗಲಿಲ್ಲ.

ಸೆಲ್ವಂ ಮಿಷನ್ ಮೇಲೆ ಬಗ್ಗಿದ್ದ. ಗಾಳಿ ಜೋರಾಗಿತ್ತು, ತಲೆಯೆಲ್ಲ ಬೂದಿ. ಈಗ ಅದರೊಳಗೆ ಸ್ವಲ್ಪ ನಿಜವಾದ ನರೆಯೂ ಸೇರಿರಬೇಕು.

“ವಾಂಗ ತಾತಾ, ಬನ್ನಿ,” ಎಂದು ಎದ್ದು ನಿಂತ. ಅವನು ಒಂದು ಕುರ್ಚಿ ಒರೆಸಿ ಕೊಟ್ಟ. ಒಳಗಿನಿಂದ ಸ್ಟೆಲ್ಲಾ ಟೀ ತಂದಳು, ಲೋಟಕ್ಕೆ ಸಾಸರ್ ಮುಚ್ಚಿ. ಧೂಳಿನ ತಿಂಗಳಲ್ಲಿ ಅಲ್ಲಿ ಟೀ ಕೊಡುವುದು ಹಾಗೆ.

ಟೀ ಮುಗಿಯುವ ಹೊತ್ತಿಗೆ ಬಂದ ವಿಷಯ ಹೇಳಿದೆ. ಮೊಮ್ಮಗಳಿಗಾಗಿ ಬರೆಯುತ್ತಿದ್ದೇನೆ, ಅವಳು ಇಲ್ಲಿ ಹೇಗಿದ್ದಳು ಹೇಳಿ ಎಂದೆ.

ಸೆಲ್ವಂ ಮಿಷನ್ನಿನ ಮೇಲಿನ ಧೂಳು ಒರೆಸುತ್ತಾ ಹೇಳಿದ: “ಅಕ್ಕ ಒಳ್ಳೇವ್ರು. ಆದ್ರೆ ಮಾತೇ ಇಲ್ಲ ತಾತಾ. ಬರ್ತಾರೆ, ಕೂತ್ಕೊಳ್ತಾರೆ, ಸೊಪ್ಪು ಕೊಡ್ತಾರೆ, ಹೋಗ್ತಾರೆ. ಬಂಡೆ ಮಾದಿರಿ. ನಿಮ್ಮ ಬಂಗಾರಪೇಟೆ ಕಡೆಯವ್ರು ಹಾಗೇ ಅಲ್ವಾ? ಆ ಬೆಟ್ಟ ನೋಡೀ ನೋಡೀ.”

ನಾನು ನಕ್ಕೆ. ಅವನು ಎಂದೂ ಪುಸ್ತಕ ಓದಿದವನಲ್ಲ. ಆದರೂ ಕಿಟಕಿ ನೋಡಿಯೇ ಹೇಳಿದ. ಅಲ್ಲ ಮಾರಾಯ, ಎಂದು ಸಬ್ಬಸಿಗೆ ಸೊಪ್ಪಿನ ಕಥೆ ನೆನಪಿಸಿದೆ. ನಿಮ್ಮ ಸ್ಟೆಲ್ಲಾಗೇ ಹೇಗೆ ಉತ್ತರ ಕೊಟ್ಟಳು, ಲೈನಿಗೆ ಲೈನೇ ನಕ್ಕಿತಲ್ಲ ಎಂದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನನಗಾ?” ಎಂದಳು ಸ್ಟೆಲ್ಲಾ. “ಇಲ್ಲ ತಾತಾ. ಸೊಪ್ಪು ಬಾಡಿದೆ ಅಂದೆ, ಅದು ನೆನಪಿದೆ. ಅಕ್ಕ ಏನೂ ಹೇಳ್ಳಿಲ್ಲ. ಇನ್ನೊಂದು ಕಟ್ಟು ಎತ್ತಿ ನನ್ನ ಕೈಲಿ ಇಟ್ಬಿಟ್ಟು ಸುಮ್ನೆ ಕೂತ್ರು. ನನಗೇ ಬೇಜಾರಾಯ್ತು.”

ಇನ್ನೂ ಒಂದೆರಡು ಕಥೆ ಕೇಳಿದೆ. ಸೆಲ್ವಂ ಕಾಲೆಳೆದದ್ದು ನಿಜ. ಅವಳು ತಿರುಗಿಸಿ ಕೊಟ್ಟ ಉತ್ತರ ಅವನಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದ ಮೇಲೆ ಈಗ ಮೊದಲ ಸಲ ಕೇಳಿ, ತೊಡೆ ತಟ್ಟಿಕೊಂಡು ನಕ್ಕ. “ಅಯ್ಯೋ, ಅಕ್ಕ ಹೀಗೆ ಅಂದ್ರಾ? ನನಗೆ ಹೇಳ್ಬಾರ್ದಾ?” ಎಂದ. ಸ್ಟೆಲ್ಲಾ ನಗುತ್ತಲೇ ಕಣ್ಣೊರೆಸಿಕೊಂಡಳು. ಅದು ಧೂಳಿಗೂ ಇರಬಹುದು.

ಹಾಗಾದರೆ ಅವಳು ಇಷ್ಟು ವರ್ಷ ನನಗೆ ಹೇಳಿದ್ದೆಲ್ಲ ಸುಳ್ಳೇ? ಸಿಕ್ಕಿದ್ದ ಸ್ವಲ್ಪವೂ ಕೈಬಿಟ್ಟು ಹೋಯಿತಲ್ಲ ಎನಿಸಿತು. ಸ್ಟೆಲ್ಲಾ ಒಳಗಿನಿಂದ ಮಣೆಯನ್ನೂ ಛತ್ರಿಯನ್ನೂ ತಂದಿಟ್ಟಳು. ಎರಡರ ಮೇಲೂ ಒಂದು ಚೂರು ಧೂಳಿರಲಿಲ್ಲ. ದಿನಾ ಕುರ್ಚಿ ಒರೆಸುವಾಗ ಅದನ್ನೂ ಒರೆಸುತ್ತೇನೆ ಎಂದಳು. ಮಣೆಯನ್ನು ಅಲ್ಲೇ ಬಿಟ್ಟೆ, ಅದು ಅಲ್ಲಿಯದೇ. ಛತ್ರಿ ಹಿಡಿದುಕೊಂಡು ಹೊರಟೆ.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಗಾಳಿಗೆ ಬೆನ್ನು ಮಾಡಿ ನಿಂತಾಗ ಹೊಳೆಯಿತು. ಅವಳಿಗೂ ದಿನಾ ಇದೇ ಹೊತ್ತು, ಇದೇ ಕಾಯುವಿಕೆ. ಆಮೇಲೆ ಅರ್ಧ ಗಂಟೆಯ ದಾರಿ. ಲೈನಿನಲ್ಲಿ ನುಂಗಿಕೊಂಡು ಬಂದ ಮಾತುಗಳನ್ನೆಲ್ಲ ಆ ಅರ್ಧ ಗಂಟೆಯಲ್ಲಿ ಅವಳು ತೆಗೆದು, ಒಪ್ಪ ಮಾಡಿ, ಬಾಳೆನಾರಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದಳು. ಕಾಲು ತೊಳೆದು, ನೀರು ಕುಡಿದು ನನ್ನ ಮುಂದೆ ಬಿಚ್ಚುತ್ತಿದ್ದಳು. ಊರಿಗಾಂನಲ್ಲಿ ಒಂದು ಮಾತನ್ನೂ ಖರ್ಚು ಮಾಡುತ್ತಿರಲಿಲ್ಲ. ಎಲ್ಲವೂ ಮನೆಗೆ, ಹಾಲಿನ ಕೋಣೆಯ ಬೆಂಚು ಬಿಟ್ಟು ಎಲ್ಲಿಗೂ ಹೋಗದ ಒಬ್ಬನಿಗೆ.

ನಾನು ಲೈಬ್ರರಿಯಿಂದ ಪುಸ್ತಕ ತರುತ್ತಿದ್ದೆನಲ್ಲ, ದೂರ ಹೋಗಿ ಬಂದವರು ಬರೆದದ್ದು. ನಮ್ಮ ಮನೆಯಲ್ಲೇ ಒಬ್ಬಳು ವಾರಕ್ಕೆ ಐದು ದಿನ ಹೋಗಿ ಬರುತ್ತಿದ್ದಳು. ಅಲ್ಲಿ ಸುಮ್ಮನೆ ಕೂತು ನೋಡುತ್ತಿದ್ದಳು. ಬಂದು ಸ್ವಲ್ಪ ಸೇರಿಸಿ ಹೇಳುತ್ತಿದ್ದಳು. ಪ್ರವಾಸ ಬರೆಯುವವರೆಲ್ಲರೂ ಸೇರಿಸಿಯೇ ಹೇಳುತ್ತಾರೆ ಎಂದು ಈಗ ನನಗೆ ಅನುಮಾನ. ಅವಳ ಅಷ್ಟೂ ಕಥನಗಳಿಗೆ ಓದುಗ ನಾನೊಬ್ಬನೇ.

ರೈಲಿನಲ್ಲಿ ಈ ಸಲ ಕಿಟಕಿ ಪಕ್ಕ ಕೂತೆ. ಕೋರಮಂಡಲ್ ದಾಟಿತು. ಚಿಕ್ಕತ್ತೆ ಕಾಲು ನೀಡಿಕೊಂಡು ಒರಗಿದ್ದಳು, ಸೆರಗು ಜಾರಿಸಿಕೊಂಡು. ಹೆಡ್‌ಮಾಸ್ಟ್ರು ತಲೆ ಎತ್ತಿಕೊಂಡೇ ಇದ್ದರು. ನೀಲಗಿರಿಯವರಿಗೆ ಇನ್ನೂ ಎರಡನೇ ಪಂಕ್ತಿ ಸಿಕ್ಕಿರಲಿಲ್ಲ. ನಾನು ಒಬ್ಬನೇ ನಗುತ್ತಿದ್ದೆ. ನಗುವಾಗ ತಟ್ಟನೆ ಅವಳ ಮುಖ ಬಂತು. ಮಂಜಾಗಿ ಅಲ್ಲ, ಪೂರ್ತಿ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿ, ಹಣೆಯ ಕುಂಕುಮ ಬೆವರಿಗೆ ಒಂದು ಪಕ್ಕ ಜಾರಿ. ಅದು ಯಾವ ನೆಲದ ಹಾಗೂ ಇರಲಿಲ್ಲ.

ಮನೆಗೆ ಬಂದಾಗ ಸವಿತಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯ ಛತ್ರಿ ನೋಡಿದಳು, ಆಮೇಲೆ ತಲೆ ನೋಡಿದಳು.

“ಏನಪ್ಪ, ಒಂದೇ ದಿನಕ್ಕೆ ಇಷ್ಟು ನರ್ತೋಗಿದ್ದೀಯ?”

“ನರೆ ಅಲ್ಲ ಕಣವ್ವ,” ಎಂದೆ. “ಊರಿಗಾಂ.”

ಮಗು ಕೈ ಚಾಚಿ ನನ್ನ ತಲೆ ಹಿಡಿದುಕೊಂಡಿತು. ಬೂದು ಹತ್ತಿದ ಬೆರಳುಗಳನ್ನು ಸವಿತಾ ಸೆರಗಿನಲ್ಲಿ ಒರೆಸುತ್ತಾ, ಓಗಿ ತಲೆ ತೊಳ್ಕೊ ಎಂದು ಗದರಿದಳು. ಸಂಜೆಯ ಹಾಲಿಗೆ ಇನ್ನೂ ಹೊತ್ತಿತ್ತು. ನಾನು ಜಗಲಿಯ ಮೇಲೆ ಕೂತು ಹಳೆಯ ನೋಟ್‌ಬುಕ್ ತೆಗೆದೆ. ನನ್ನ ಎಂಟು ಪುಟಗಳನ್ನು ದಾಟಿ, ಒಂಬತ್ತನೆಯದರಲ್ಲಿ ಬರೆದೆ: ‘ಕೋರಮಂಡಲ್ ಹತ್ತಿರ ದೊಡ್ಡ ಗುಡ್ಡ ಬಂದಾಗ ಕಿಟಕಿಯಾಚೆ ನೋಡು ಮಗಳೇ. ಅದು ನನ್ನ ಚಿಕ್ಕತ್ತೆ. ಮುದ್ದೆ ಉಂಡು ಒರಗಿದ್ದಾಳೆ. ಇದನ್ನು ಮೊದಲು ಕಂಡವಳು ನಿನ್ನ ಅಜ್ಜಿ.’